ಕತ್ತಿಯ ಬಾಗು

ಮನುಷ್ಯನ ಮುಖವನ್ನು ತಿದ್ದಿದ ಬ್ರಹ್ಮನಿಗೆ ಮಸೆಗಲ್ಲಿನ ಪರಿಚಯವಿರಲಿಲ್ಲವೆಂದು ತೋರುತ್ತದೆ. ಇದ್ದಿದ್ದರೆ ಒಂದು ಕೆನ್ನೆಯನ್ನಾದರೂ ಮಣೆಯಂತೆ ಮಟ್ಟಸವಾಗಿ ಮಾಡುತ್ತಿದ್ದ. ಗದ್ದದಲ್ಲಿ ದಿಣ್ಣೆ, ಕೆನ್ನೆಯಲ್ಲಿ ತಗ್ಗು, ದವಡೆಯಲ್ಲಿ ತಿರುವು, ಗಂಟಲಲ್ಲಿ ಏರಿಳಿತ: ಖಾನಾಪುರದ ಕಾಡುದಾರಿಯನ್ನು ನೆನಪಿಗೆ ತರುವ ಇಂಥ ನೆಲದ ಮೇಲೆ, ಮಟ್ಟಸವಾದ ಕಲ್ಲಿನಲ್ಲಿ ಮಸೆದ ಕತ್ತಿ ಓಡಾಡಬೇಕು. ಕ್ಷೌರದ ಕತ್ತಿಯ ಬಾಯಿ ಗೆರೆ ಎಳೆದಂತೆ ನೆಟ್ಟಗಿರಬೇಕೋ, ಬಿದಿಗೆಯ ಚಂದ್ರನ ಹೊರ ಅಂಚಿನಂತೆ ತುಸು ಉಬ್ಬಿ ಬಾಗಿರಬೇಕೋ ಎಂಬ ವಾದಕ್ಕೆ ಈ ವಿರೋಧವೇ ಮೂಲ.

ಇದೂ ಒಂದು ವಾದವೇ ಎಂದು ಓದುಗರು ನಗಬಾರದು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತನಾಗಿ, ವಚನಕಾರನಾಗಿ ಬಾಳಿದ ಹಡಪದ ಅಪ್ಪಣ್ಣ ಕ್ಷೌರಿಕ ಕುಲದವನು. ಇಂದಿಗೂ ಉತ್ತರ ಕರ್ನಾಟಕದ ಕ್ಷೌರಿಕ ಸಮಾಜ ಅವನ ಹೆಸರನ್ನು ಹೆಮ್ಮೆಯಿಂದ ಧರಿಸಿದೆ. ಇನ್ನು ಕತ್ತಿಯ ಲೋಹವೋ? ದಕ್ಷಿಣ ಭಾರತದ ಉಕ್ಕನ್ನು ಪಾಶ್ಚಾತ್ಯರು ‘ವೂಟ್ಸ್’ ಎಂದು ಕರೆದರಷ್ಟೆ. ಆ ಮಾತು ನಮ್ಮ ‘ಉಕ್ಕು’ ಎಂಬುದರಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಮತ. ಹೆಸರು ಇಲ್ಲಿಂದ ಹೋಯಿತು. ಕತ್ತಿ ಮಾತ್ರ ಇಂಗ್ಲೆಂಡಿನ ಶೆಫೀಲ್ಡಿನಿಂದಲೂ ಜರ್ಮನಿಯ ಸೋಲಿಂಗೆನ್ನಿನಿಂದಲೂ ಹಡಗು ಹತ್ತಿ ಬಂತು.

ಕತ್ತಿಯ ಬೆನ್ನು ದಪ್ಪ, ಬಾಯಿ ತೆಳುವು. ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನೂ ಬಾಯಿಯೂ ಒಟ್ಟಿಗೆ ತಾಗುವುದರಿಂದ ಮಸೆಯುವ ಓರೆಯನ್ನು ಕಣ್ಣಳತೆಯಲ್ಲಿ ಹಿಡಿಯಬೇಕಾಗಿಲ್ಲ. ಬೆನ್ನೇ ಅದನ್ನು ಕಾಯುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ಸಾಗಬೇಕು, ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ. ಇದನ್ನು ಅದಲುಬದಲು ಮಾಡಿದವನು ಮೊದಲು ಪಟ್ಟಿಯನ್ನು ಕೊಯ್ಯುತ್ತಾನೆ, ಅನಂತರ ಗಿರಾಕಿಯನ್ನು.

ನೆಟ್ಟಗಿನ ಬಾಯಿಯ ಕತ್ತಿಗೆ ಇಷ್ಟು ತಿಳಿದರೆ ಸಾಕು. ಕಲ್ಲು ಮಟ್ಟಸವಾಗಿದ್ದು, ಕೈ ಒಂದೇ ಭಾರದಲ್ಲಿ ಎಳೆದರೆ ಆಯಿತು. ಬಾಗಿದ ಬಾಯಿ ಹಾಗೆ ಒಲಿಯುವುದಿಲ್ಲ. ಅದರ ಹೊಟ್ಟೆಯೊಂದೇ ಕಲ್ಲನ್ನು ಮುಟ್ಟುತ್ತದೆ, ಬುಡವೂ ತುದಿಯೂ ಗಾಳಿಯಲ್ಲಿ ಉಳಿಯುತ್ತವೆ. ಆದುದರಿಂದ ಎಳೆಯುತ್ತಿರುವಾಗಲೇ ಮಣಿಕಟ್ಟನ್ನು ನವಿರಾಗಿ ಹೊರಳಿಸಿ, ಬುಡದಿಂದ ತುದಿಯವರೆಗೆ ಪ್ರತಿಯೊಂದು ಕೂದಲೆಳೆಯಷ್ಟು ಭಾಗಕ್ಕೂ ಕಲ್ಲಿನ ದರ್ಶನ ಮಾಡಿಸಬೇಕು. ಇದನ್ನು ಪುಸ್ತಕದಿಂದ ಕಲಿತವರಿರಲಾರರು. ಇಂಗ್ಲಿಷ್ ಬಲ್ಲವರು ಇಂಥ ಅಲಗನ್ನು ‘ನಗುವ ಅಲಗು’ ಎನ್ನುತ್ತಾರೆ. ಕೆಟ್ಟ ಕೈ ನಡುವೆಯೇ ಒತ್ತಿ ಒತ್ತಿ ಮಸೆದರೆ ಬಾಯಿ ಒಳಕ್ಕೆ ತಗ್ಗಾಗುತ್ತದೆ. ಅದಕ್ಕೆ ಅವರಿಟ್ಟ ಹೆಸರು ‘ಹುಬ್ಬು ಗಂಟಿಕ್ಕಿದ ಅಲಗು’. ಬಾಗು ಗುಣವೆಂದೂ ದೋಷವೆಂದೂ ಕಾದಾಡುವವರು ಈ ಎರಡು ಬಾಗುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದುಂಟು. ಹೊರಬಾಗು ಬಹುಮಟ್ಟಿಗೆ ತಯಾರಕನ ಉದ್ದೇಶ. ಒಳತಗ್ಗು ಮಾತ್ರ ಯಾವಾಗಲೂ ರೋಗವೇ.

ಖಾನಾಪುರದ ಹಿರಿಯ ಕ್ಷೌರಿಕರೊಬ್ಬರ ಬಳಿ ಹೊರಬಾಗಿನ ಹಳೆಯ ಕತ್ತಿಯೊಂದಿತ್ತು. ಅವರ ಮಗ ಬೆಳಗಾವಿಯಲ್ಲಿ, ಖಡೇಬಜಾರದ ಆಸುಪಾಸಿನಲ್ಲಿ, ಕನ್ನಡಿಯ ಗೋಡೆಗಳ ಸಲೂನು ನಡೆಸುತ್ತಿದ್ದ. ಅವನ ಕೈಯಲ್ಲಿದ್ದುದು ಅರ್ಧ ಬ್ಲೇಡನ್ನು ಸಿಕ್ಕಿಸುವ ಹಿಡಿ. 1904ರಲ್ಲಿ ಜಿಲೆಟ್ ಎಂಬ ಅಮೆರಿಕನ್ ಗೃಹಸ್ಥ ಪೇಟೆಂಟು ಪಡೆದ ಎಸೆಯುವ ಬ್ಲೇಡಿನ ವಂಶಸ್ಥ ಅದು. ಉಕ್ಕಿನ ಪಟ್ಟಿಯಿಂದ ಯಂತ್ರ ಕತ್ತರಿಸಿದ್ದಾದ್ದರಿಂದ ಅದರ ಬಾಯಿ ನೆಟ್ಟಗೇ ಇರುತ್ತದೆ. 1986ರಲ್ಲಿ ಏಡ್ಸ್ ರೋಗಾಣು ನಮ್ಮ ದೇಶದಲ್ಲಿ ಪತ್ತೆಯಾದ ಮೇಲೆ, ಗಿರಾಕಿಗೊಂದು ಹೊಸ ಬ್ಲೇಡು ಎಂಬ ಪದ್ಧತಿ ಬರಬರುತ್ತ ಊರೂರಿಗೆ ಹಬ್ಬಿತು. ಅದು ಹಬ್ಬಿದ್ದು ಒಳ್ಳೆಯದೇ ಆಯಿತು. ಹಳೆಯ ಕತ್ತಿಯ ಮೋಹಕ್ಕೆ ಮತ್ತೊಬ್ಬರ ರಕ್ತವನ್ನು ಪಣಕ್ಕಿಡಲಾಗದು. ಆದರೆ ಕಲ್ಲು ಬೇಡವಾದ ದಿನವೇ ಮಣಿಕಟ್ಟಿನ ವಿದ್ಯೆಯೂ ಬೇಡವಾಯಿತು.

ಒಮ್ಮೆ ಮಗ, ಆ ಕತ್ತಿಯನ್ನು ಯಂತ್ರದ ಸಾಣೆಗೆ ಹಿಡಿಸಿ ನೆಟ್ಟಗೆ ಮಾಡಿಸಿಕೊಡುವೆನೆಂದ. ಹಾಗೆ ಮಾಡಬೇಕಾದರೆ ಹೊಟ್ಟೆಯ ಉಕ್ಕನ್ನೆಲ್ಲ ತೇಯಬೇಕು. ತಂದೆ ಒಪ್ಪಲಿಲ್ಲ.

“ಕತ್ತಿ ನೆಟ್ಟಗ ಮಾಡಸ್ತಿ, ಖರೆ. ಮಂದಿ ಮಾರಿ ಯಾರು ನೆಟ್ಟಗ ಮಾಡ್ತಾರೋ ತಮ್ಮಾ?”

“ಈಗ ಯಾರಪ್ಪಾ ಅದನ್ನ ಹಿಡೀತಾರು?” ಎಂದು ಮಗ ಸುಮ್ಮನಾದ.

ಕೆಲವು ವರ್ಷಗಳ ಬಳಿಕ ತಂದೆಗೆ ಲಕ್ವಾ ಹೊಡೆದು ಬಲಗೈ ಸೋತಿತು, ಮಾತು ತೊದಲಿತು. ಅಂಗಡಿಯ ರಜೆಯ ದಿನ ಮಗ ಬೆಳಗಿನ ರೈಲಿನಲ್ಲಿ ದೇಸೂರು, ಇದಲಹೊಂಡ ದಾಟಿ ಖಾನಾಪುರಕ್ಕೆ ಬಂದು ತಂದೆಯ ಕ್ಷೌರ ಮಾಡತೊಡಗಿದ. ಹಲ್ಲುಗಳೆಲ್ಲ ಉದುರಿ, ಮುಖದ ಒಂದು ಬದಿ ಜೋತು, ಕೆನ್ನೆಗಳು ಬಟ್ಟಲಿನಂತೆ ಒಳಸೇರಿದ್ದವು. ನೆಟ್ಟಗಿನ ಬ್ಲೇಡು ತಗ್ಗಿನ ಎರಡು ದಡಗಳ ಮೇಲೆ ಸೇತುವೆಯಂತೆ ನಿಂತಿತು. ನಡುವಿನ ಕೂದಲು ಹಾಗೆಯೇ ಉಳಿಯಿತು. ಒಳಕ್ಕೆ ಒತ್ತಿದಾಗ ಮೂಲೆ ಚುಚ್ಚಿ ರಕ್ತ ಬಂತು. ದಿನಕ್ಕೆ ಹತ್ತಾರು ಮುಖಗಳನ್ನು ನುಣುಪು ಮಾಡುವ ಕೈ, ತಂದೆಯ ಮುಖದ ಮುಂದೆ ನಡುಗಿತು.

ಮುದುಕರು ಎಡಗೈಯಿಂದ ಗೂಡಿನಲ್ಲಿದ್ದ ಡಬ್ಬಿಯನ್ನು ತೋರಿಸಿದರು. ಮಗ ಕತ್ತಿಯನ್ನು ತೆಗೆದು, ಕಲ್ಲಿಗೆ ನೀರು ಹಾಕಿ, ತನಗೆ ತಿಳಿದಂತೆ ಎಳೆದ. ಅವರ ಎಡಗೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು.

“ಎಳೀಬ್ಯಾಡ,” ಎಂದರು ಬಹಳ ಪ್ರಯಾಸದಿಂದ. “ಹೊರಳಸು.”

ಎಷ್ಟು ಸಲ ಹೊರಳಿಸಿದರೂ ಆ ಬೆರಳುಗಳು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಂಗೈಯ ಕೂದಲು ಕತ್ತಿಯ ನಡುಭಾಗಕ್ಕೆ ಸಿಕ್ಕಿ ಸದ್ದಿಲ್ಲದೆ ಉದುರಿತು. ನೊರೆ ಹಚ್ಚಿ ಆ ಹೊಟ್ಟೆಯನ್ನು ಕೆನ್ನೆಯ ತಗ್ಗಿಗೆ ಇಳಿಸಿದಾಗ, ಅದು ಬಟ್ಟಲೊಳಗಿನ ಚಮಚದಂತೆ ಸುತ್ತಿ ಬಂತು. ರಕ್ತ ಬರಲಿಲ್ಲ. ಆದರೆ ತುದಿ ಇನ್ನೂ ಮೊಂಡಾಗಿದ್ದುದರಿಂದ ಮೂಗಿನ ಕೆಳಗೆ ಒಂದಿಷ್ಟು ಕೂದಲು ಉಳಿದವು. ತಂದೆ ಬೆರಳಿನಿಂದ ಅದನ್ನು ಸವರಿ ನೋಡಿ, ಬಾಯಿಯ ಸರಿಯಿದ್ದ ಬದಿಯಲ್ಲಿ ನಕ್ಕರು. ಅದು ಸರಿಯಾಗಲು ಇನ್ನೆರಡು ರಜೆಯ ದಿನಗಳು ಬೇಕಾದವು.

ಬೆಳಗಾವಿಯ ಸಲೂನಿನಲ್ಲಿ ಅರ್ಧ ಬ್ಲೇಡೇ ಮುಂದುವರಿಯಿತು. ಹಳೆಯ ಕತ್ತಿ ಒಂದೇ ಮುಖಕ್ಕೆ ಮೀಸಲಾಗಿ ಖಾನಾಪುರದಲ್ಲಿಯೇ ಉಳಿಯಿತು. ಅಲ್ಲಿಯ ಮಳೆಗಾಲದಲ್ಲಿ ಅದನ್ನು ಒದ್ದೆಯಾಗಿ ಇಟ್ಟರೆ ಬೆಳಗಾಗುವುದರೊಳಗೆ ತುಕ್ಕು ಹಿಡಿಯುತ್ತದೆ; ಆದ್ದರಿಂದ ಮಗ ರೈಲಿಗೆ ಎಷ್ಟೇ ಹೊತ್ತಾಗಿದ್ದರೂ ಅದನ್ನು ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಡಬ್ಬಿಯಲ್ಲಿಟ್ಟ ಮೇಲೆಯೇ ಎದ್ದು ಹೊರಡುತ್ತಿದ್ದ.