ಬೆಟ್ಟದಪುರದ ಮಣ್ಣು ಹೇಳುವ ಪಾಠ

ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಬಂದವರ ಕಣ್ಣು ಮೊದಲು ಹೋಗುವುದು ಬೆಟ್ಟದ ಮೇಲಕ್ಕೆ. ಸಮುದ್ರಮಟ್ಟದಿಂದ 4,000 ಅಡಿಗೂ ಎತ್ತರದ ಆ ನೆತ್ತಿಯಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿಯಿದೆ. ಆದರೆ ತರಕಾರಿ ಬೆಳೆಯಲು ಹೊರಟ ಹೊಸಬರು ಇಲ್ಲಿ ನೋಡಬೇಕಾದದ್ದು ಕಾಲಕೆಳಗಿನ ಕೆಂಪು ಮಣ್ಣನ್ನು.

ಹುಣಸೂರು, ಪಿರಿಯಾಪಟ್ಟಣಗಳ ಸೀಮೆ ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದದ್ದು. ಹೊಲಗಳ ನಡುವೆ ನಿಂತ ಎತ್ತರದ ಬ್ಯಾರನ್‌ಗಳೇ ಇದಕ್ಕೆ ಸಾಕ್ಷಿ. ಹೊಗೆಸೊಪ್ಪು ಬಿಟ್ಟು ಸಾವಯವಕ್ಕೆ ತಿರುಗುವವರಿಗೆ ಥಟ್ಟನೆ ಹೊಳೆಯುವುದು ಟೊಮೆಟೊ, ಬದನೆ, ಮೆಣಸಿನಕಾಯಿ. ತೊಡಕು ಇರುವುದೇ ಇಲ್ಲಿ. ಸಸ್ಯಶಾಸ್ತ್ರದ ಪ್ರಕಾರ ಈ ಮೂರೂ ಹೊಗೆಸೊಪ್ಪಿನ ದಾಯಾದಿಗಳು; ಎಲ್ಲವೂ ಸೊಲನೇಸಿ ಕುಟುಂಬದವು. ಬೆಳೆ ಬದಲಾದರೂ ಶತ್ರು ಬದಲಾಗುವುದಿಲ್ಲ.

ಮುಖ್ಯ ಶತ್ರು ಬೇರುಗಂಟು ಜಂತುಹುಳು. ಬರಿಗಣ್ಣಿಗೆ ಕಾಣದ ಇದು ಮರಳು ಮಿಶ್ರಿತ ಹಗುರ ಮಣ್ಣಿನಲ್ಲಿ ಚೆನ್ನಾಗಿ ಹಬ್ಬುತ್ತದೆ. ನೀರಿದ್ದರೂ ಗಿಡ ಮಧ್ಯಾಹ್ನ ಬಾಡಿದರೆ, ಇನ್ನಷ್ಟು ಗೊಬ್ಬರ ಸುರಿಯುವ ಮೊದಲು ಒಂದು ಗಿಡ ಕಿತ್ತು ಬೇರು ತೊಳೆದು ನೋಡಬೇಕು. ಬೇರೇ ಊದಿಕೊಂಡು ಗಂಟಾಗಿದ್ದರೆ ಅದು ಹುಳುವಿನ ಕೆಲಸ. ಅವರೆ, ಅಲಸಂದೆಯ ಬೇರಿನ ಗಂಟುಗಳು ಬೇರೆ: ಅವು ಬೇರಿನ ಪಕ್ಕಕ್ಕೆ ಅಂಟಿರುತ್ತವೆ, ಬೆರಳಿಗೆ ಸುಲಭವಾಗಿ ಉದುರುತ್ತವೆ, ಒಡೆದರೆ ಒಳಗೆ ಗುಲಾಬಿ ಬಣ್ಣ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಮಿತ್ರರು. ವಿದ್ಯಾರ್ಥಿಗಳು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಮರೆಯಲಾರರು.

ಪರಿಹಾರಗಳು ಸರಳ. ಬೇಸಿಗೆಯಲ್ಲಿ ಆಳ ಉಳುಮೆ ಮಾಡಿ ಮಣ್ಣನ್ನು ಬಿಸಿಲಿಗೆ ಒಡ್ಡುವುದು, ಬೇವಿನ ಹಿಂಡಿ ಸೇರಿಸುವುದು, ಒಂದು ಹಂಗಾಮು ಇಡೀ ಮಡಿಯಲ್ಲಿ ಒತ್ತಾಗಿ ಚೆಂಡುಹೂವು ಬೆಳೆಯುವುದು. ಅದರ ಬೇರು ಈ ಹುಳುವನ್ನು ಹತ್ತಿಕ್ಕುತ್ತದೆ. ಹೂವಿಗೆ ಆಯುಧಪೂಜೆಯಲ್ಲಿ ಬೇಡಿಕೆಯೂ ಉಂಟು.

ಇನ್ನೊಂದು ಶತ್ರು ಮೊಸಾಯಿಕ್ ವೈರಸ್. 1898ರಲ್ಲಿ ವಿಜ್ಞಾನಿ ಬೈಯೆರಿಂಕ್ ಈ ರೋಗದ ಅಧ್ಯಯನದಿಂದಲೇ ‘ವೈರಸ್’ ಎಂಬ ಕಲ್ಪನೆಗೆ ರೂಪ ಕೊಟ್ಟರು. ಇದು ಒಣಗಿದ ಸೊಪ್ಪಿನಲ್ಲೂ ಉಳಿದು ಕೈಯಿಂದ ಗಿಡಕ್ಕೆ ದಾಟಬಲ್ಲದು. ಬೀಡಿ ಸೇದಿದ, ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಟೊಮೆಟೊ ಸಸಿ ಮುಟ್ಟಬಾರದು.

ಸಾಲ ಹೊತ್ತ ಕುಟುಂಬ ಇಡೀ ಹೊಲವನ್ನು ಒಂದೇ ವರ್ಷದಲ್ಲಿ ಬದಲಿಸುವುದು ಜಾಣತನವಲ್ಲ. 5 ಗುಂಟೆಯಿಂದ ಆರಂಭಿಸಿದರೆ ಸಾಕು. ರಾಷ್ಟ್ರೀಯ ಸಾವಯವ ಪ್ರಮಾಣೀಕರಣದಲ್ಲಿಯೂ ವಾರ್ಷಿಕ ಬೆಳೆಗಳಿಗೆ ಸಾಮಾನ್ಯವಾಗಿ 2 ವರ್ಷಗಳ ಪರಿವರ್ತನೆಯ ಅವಧಿ ಇದೆ. ಅಷ್ಟರಲ್ಲಿ ಯಾವ ಮಡಿಯಲ್ಲಿ ಯಾವಾಗ ಯಾವ ಬೆಳೆ ಇತ್ತು ಎಂಬ ನಕ್ಷೆಯನ್ನು ಮಗನೋ ಮಗಳೋ ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಮೂರನೆಯ ವರ್ಷ ಟೊಮೆಟೊ ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು ಎಂಬುದನ್ನು ತಂದೆ ಅದನ್ನೇ ನೋಡಿ ತೀರ್ಮಾನಿಸಬಹುದು.