ಟೋಪಿ ಕಾಯುವವನ ತಪ್ಪು

ಕೋಥರೂಡಿನಿಂದ ಹಿಂಜವಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ದಿನಾ ಒಂದು ಗಂಟೆಗೂ ಹೆಚ್ಚು ಕೂರಬೇಕು. ಉಳಿದವರು ಶೇರು, ಫ್ಲ್ಯಾಟು ಅಂತ ಮಾತಾಡುತ್ತಿದ್ದರೆ ನಾನು ಓದುತ್ತೇನೆ. ಎರಡು ವರ್ಷದ ಹಿಂದೆ ಅಪ್ಪಾ ಬಳವಂತ ಚೌಕದಲ್ಲಿ ಕನ್‌ಫ್ಯೂಷಿಯಸ್‌ನನ್ನು ಹುಡುಕುತ್ತಿದ್ದಾಗ ಸಿಕ್ಕಿದ್ದು ಹಾನ್ ಫೇ. ಬರ್ಟನ್ ವಾಟ್ಸನ್ ಅವರ ಇಂಗ್ಲಿಷ್ ಅನುವಾದ, ಹಳೆಯ ಪ್ರತಿ. ಇವನ ಹೆಸರನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಹಾನ್ ಎಂಬ ಸಣ್ಣ ರಾಜ್ಯದ ರಾಜವಂಶದವನು. ಮಾತಾಡಲು ತೊದಲು, ಹಾಗಾಗಿ ಬರೆದ. ಅವನ ಒಂದು ಕಥೆ ಹೀಗಿದೆ. ಝಾವೋ ಎಂಬ ದೊರೆ ಕುಡಿದು ಮಲಗಿಬಿಟ್ಟಿದ್ದಾನೆ. ದೊರೆಯ ಟೋಪಿ ನೋಡಿಕೊಳ್ಳುವ ಸೇವಕ, ಚಳಿಯಾದೀತೆಂದು ಒಂದು ನಿಲುವಂಗಿ ತಂದು ಹೊದಿಸುತ್ತಾನೆ. ಎದ್ದ ದೊರೆಗೆ ಖುಷಿ. ಯಾರು ಹೊದಿಸಿದ್ದೆಂದು ಕೇಳಿ ತಿಳಿದ ಮೇಲೆ ಇಬ್ಬರಿಗೂ ಶಿಕ್ಷೆ ಕೊಡುತ್ತಾನೆ: ಬಟ್ಟೆ ನೋಡಿಕೊಳ್ಳುವವನಿಗೆ ಕೆಲಸ ಮಾಡದ್ದಕ್ಕೆ, ಟೋಪಿಯವನಿಗೆ ತನ್ನದಲ್ಲದ ಕೆಲಸ ಮಾಡಿದ್ದಕ್ಕೆ. ದೊರೆಗೆ ಚಳಿ ಇಷ್ಟವಿತ್ತೆಂದಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಹಾಕುವುದು ಚಳಿಗಿಂತ ಅಪಾಯ ಅನ್ನುವುದು ಹಾನ್ ಫೇಯ ವಾದ.

ನನಗೆ ಕಥೆ ಬಹಳ ಹಿಡಿಸಿತು. ಹಿಡಿಸದೆ ಏನು, ನಾನು ಆಗಷ್ಟೇ ಮ್ಯಾನೇಜರ್ ಆಗಿದ್ದೆ!

ಅದಾದ ಕೆಲವೇ ವಾರಗಳಲ್ಲಿ ನಮ್ಮಲ್ಲಿ ಒಂದು ರಾತ್ರಿ ಹಣ ಪಾವತಿಯ ಬ್ಯಾಚ್ ನಿಂತುಹೋಯಿತು. ಆನ್‌ಕಾಲ್ ಇದ್ದವನು ಫೋನ್ ಎತ್ತಲಿಲ್ಲ. ಟೆಸ್ಟಿಂಗ್ ತಂಡದ ಒಬ್ಬ ಹುಡುಗ, ಯಾವುದೋ ಹಳೆಯ ಪ್ರಾಜೆಕ್ಟಿನಿಂದ ಉಳಿದುಕೊಂಡಿದ್ದ ಆಕ್ಸೆಸ್ ಬಳಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿದ. ಬೆಳಿಗ್ಗೆ ಗ್ರಾಹಕರಿಗೆ ಏನೂ ಗೊತ್ತಾಗಲಿಲ್ಲ. ಆದರೆ ಆಡಿಟ್‌ನವರಿಗೆ ಗೊತ್ತಾಯಿತು. ಕೋಡ್ ಬರೆಯುವವನು, ಪರೀಕ್ಷಿಸುವವನು, ಪ್ರೊಡಕ್ಷನ್ ಮುಟ್ಟುವವನು ಬೇರೆ ಬೇರೆ ಇರಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಇಂದು ಒಳ್ಳೆಯದಕ್ಕೆ ದಾಟಿದ ಗೆರೆಯನ್ನು ನಾಳೆ ಇನ್ನೊಬ್ಬ ಹಣ ಕದಿಯಲು ದಾಟಬಹುದು. ವರದಿ ಬರೆಯಬೇಕಾದವನು ನಾನು. ಇಬ್ಬರಿಗೂ ಎಚ್ಚರಿಕೆ ಪತ್ರ ಕೊಟ್ಟೆ, ಹುಡುಗನ ರೇಟಿಂಗ್ ಇಳಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಮೀಟಿಂಗಿನಲ್ಲಿ, ಅವನ ಎದುರಿಗೇ, ಟೋಪಿಯವನ ಕಥೆ ಹೇಳಿದೆ. ಎಲ್ಲರೂ ನಕ್ಕರು. ಅವನೂ ನಕ್ಕ.

ಆ ದೀಪಾವಳಿಗೆ ಅಪ್ಪ ಗದಗಿನಿಂದ ಬಂದಿದ್ದರು. ಪೋಸ್ಟ್‌ಮಾಸ್ಟರ್ ಆಗಿ ನಿವೃತ್ತರಾದವರು. ಊಟಕ್ಕೆ ಕೂತಾಗ ಅವರಿಗೂ ಕಥೆ ಹೇಳಿದೆ. ರೊಟ್ಟಿ ಮುರಿಯುತ್ತಾ, "ಅಲ್ಲೋ, ಥಂಡಿ ಹತ್ತತದಂತ ಹೊಚ್ಚಿದಾಂವಗ ಶಿಕ್ಷಾ ಕೊಟ್ರ, ಮುಂದ ಯಾರ ಹೊಚ್ಚತಾರ?" ಅಂದರು. ಮನಿಯಾರ್ಡರ್ ಫಾರಂ ತುಂಬಲು ಬಾರದ ಮುದುಕಿಯರಿಗೆ ಅವರು ಜೀವನವಿಡೀ ಫಾರಂ ತುಂಬಿಕೊಟ್ಟವರು. ಅದು ಅವರ ಕೆಲಸವಾಗಿರಲಿಲ್ಲ. "ಅಪ್ಪಾ, ನಿಮಗೆ ಸಿಸ್ಟಮ್ ಗೊತ್ತಿಲ್ಲ" ಅಂದೆ. ಅವರು ಪಲ್ಯ ಹಾಕಿಸಿಕೊಂಡರು.

ಆದರೂ ಹಾನ್ ಫೇಯನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ರಾಜಕೀಯವನ್ನು ಅವನಷ್ಟು ತಣ್ಣಗೆ ನೋಡಿದವರು ಕಡಿಮೆ. ಆಳುವವನ ಕೈಯಲ್ಲಿ ಎರಡು ಹಿಡಿಕೆಗಳಿವೆ, ಶಿಕ್ಷೆ ಮತ್ತು ಬಹುಮಾನ. ಎರಡರಲ್ಲಿ ಒಂದನ್ನು ಬಿಟ್ಟುಕೊಟ್ಟರೂ ಅವನ ಕಥೆ ಮುಗಿದಂತೆ ಎನ್ನುತ್ತಾನೆ. ಅವನು ಕೊಡುವ ಉದಾಹರಣೆ ಚೀ ರಾಜ್ಯದ ಮಂತ್ರಿ ತಿಯೆನ್ ಚಾಂಗ್. ಜನರಿಗೆ ಧಾನ್ಯ ಅಳೆದು ಕೊಡುವಾಗ ಈತ ದೊಡ್ಡ ಕೊಳಗ ಬಳಸುತ್ತಿದ್ದ. ಜನ ದೊರೆಯನ್ನು ಮರೆತು ಮಂತ್ರಿಯನ್ನು ನೆನೆದರು. ಕ್ರಿ.ಪೂ. 481ರಲ್ಲಿ ದೊರೆಯ ಕೊಲೆಯಾಯಿತು. ಇದನ್ನು ಓದಿದ ಮೇಲೆ ರೇಷನ್ ಚೀಲದ ಮೇಲೆ, ಶಾಲಾ ಬ್ಯಾಗಿನ ಮೇಲೆ, ಆಂಬುಲೆನ್ಸಿನ ಮೇಲೆ ಯಾವ ಪಕ್ಷದ ನಾಯಕರ ಮುಖ ಕಂಡರೂ ನನಗೆ ಆ ಕೊಳಗ ಕಾಣುತ್ತದೆ. ಅಕ್ಕಿ ನಮ್ಮದೇ ತೆರಿಗೆಯದು, ಕೊಳಗ ಹಿಡಿದವರ ಫೋಟೋ ಮಾತ್ರ ದೊಡ್ಡದು. ಕೇಂದ್ರ, ರಾಜ್ಯಗಳು ಯೋಜನೆಯ ಹೆಸರಿಗಾಗಿ ಕಿತ್ತಾಡುವುದೂ ಹಿಡಿಕೆಯ ಜಗಳವೇ.

ಅವನ ಪಾಡು ಏನಾಯಿತು ಗೊತ್ತೇ? ಚಿನ್ ರಾಜ್ಯದ ದೊರೆ ಅವನ ಬರಹ ಮೆಚ್ಚಿದ. ಆದರೆ ಅಲ್ಲಿ ಮಂತ್ರಿಯಾಗಿದ್ದ ಹಳೆಯ ಸಹಪಾಠಿ ಲಿ ಸಿ ದೊರೆಯ ಕಿವಿ ಚುಚ್ಚಿ ಜೈಲಿಗೆ ಹಾಕಿಸಿದ, ಕ್ರಿ.ಪೂ. 233ರಲ್ಲಿ ಅಲ್ಲೇ ವಿಷದಿಂದ ಸತ್ತ. ಇಂಥ ಚಿಂತನೆಯ ಮೇಲೇ ನಿಂತ ಚಿನ್ ಕ್ರಿ.ಪೂ. 221ರಲ್ಲಿ ಇಡೀ ಚೀನಾವನ್ನು ಒಂದು ಮಾಡಿತು, ಹದಿನೈದು ವರ್ಷದೊಳಗೆ ಕುಸಿಯಿತು.

ನಮ್ಮಲ್ಲಿ ಅಷ್ಟೂ ಕಾಲ ಬೇಕಾಗಲಿಲ್ಲ. ಆರು ತಿಂಗಳಿಗೆ ಇನ್ನೊಂದು ರಾತ್ರಿ ಅದೇ ಬ್ಯಾಚ್ ನಿಂತಿತು. ಮೂವರು ಅಲರ್ಟ್ ನೋಡಿದ್ದರು. ಒಬ್ಬರೂ ಯಾರಿಗೂ ಫೋನ್ ಮಾಡಿರಲಿಲ್ಲ. ಬೆಳಿಗ್ಗೆ ಕೇಳಿದರೆ ಒಬ್ಬಾಕೆ ಬಹಳ ವಿನಯದಿಂದ, "ಸರ್, ನಾನು ಟೋಪಿ ವಿಭಾಗದವಳು" ಅಂದಳು. ಈ ಸಲ ಯಾರೂ ನಗಲಿಲ್ಲ.

ಆನ್‌ಕಾಲ್‌ನವರು ಹದಿನೈದು ನಿಮಿಷ ಉತ್ತರಿಸದಿದ್ದರೆ ನೋಡಿದವರೇ ಮೇಲಿನವರನ್ನು ಎಬ್ಬಿಸಬೇಕು, ಅಂಥವರಿಗೆ ತುರ್ತು ಆಕ್ಸೆಸ್ ಸಿಗಬೇಕು, ಮಾಡಿದ್ದೆಲ್ಲ ದಾಖಲಾಗಬೇಕು ಎಂದು ಒಂದು ಪ್ರಸ್ತಾಪ ಬರೆದು ಕಳಿಸಿದೆ. ಇದು ಯಾವ ವಿಭಾಗದ ಅಡಿ ಬರುತ್ತದೆ ಎಂದು ಕೇಳಿ ಪತ್ರ ಬಂದಿದೆ.

ಆ ಹುಡುಗ ಅಷ್ಟರಲ್ಲಿ ಕೆಲಸ ಬಿಟ್ಟು ಹೈದರಾಬಾದಿಗೆ ಹೋಗಿದ್ದ. ಅವನ ನಂಬರ್ ನನ್ನ ಫೋನಿನಲ್ಲಿದೆ. ಅಪ್ಪ ಪ್ರತಿ ಸಲ ಬಂದಾಗಲೂ "ಮಾತಾಡಿದ್ಯಾ?" ಅಂತ ಕೇಳುತ್ತಾರೆ. ಇನ್ನೂ ಮಾಡಿಲ್ಲ.