ಹರೆಯದವರ ನಂಬಿಕೆ

ಮುಂಬಯಿಯ ನಮ್ಮ ಕನ್ನಡ ಸಭೆಯಲ್ಲಿ ಹದಿಮೂರರಿಂದ ಹದಿನೇಳರ ಹರೆಯದ ಮಕ್ಕಳಿಗೆ ಭಾನುವಾರದ ಪಾಠ ಹೇಳುವ ಹೊಣೆ ಹನ್ನೆರಡು ವರ್ಷಗಳಿಂದ ನನ್ನದು. ಆರಾಧನೆ ಮುಗಿದು ಹಿರಿಯರು ಚಹಾ ಕುಡಿಯುತ್ತ ಊರಿನ ಸುದ್ದಿಯಾಡುವ ಹೊತ್ತಿನಲ್ಲಿ ಹಿಂದಿನ ಕೋಣೆಯಲ್ಲಿ ನಮ್ಮ ತರಗತಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ಮರಾಠಿ. ಈ ಮಕ್ಕಳಿಗೆ ಕನ್ನಡ ಬಹುಮಟ್ಟಿಗೆ ದೇವರೊಡನೆ ಮಾತ್ರ ಆಡುವ ಭಾಷೆ. ಓದಲು ಬರುವವರು ಇಬ್ಬರೋ ಮೂವರೋ.

2021ರ ಮೇ ತಿಂಗಳಲ್ಲಿ ತರಗತಿಯ ಹದಿನೈದರ ಹುಡುಗನೊಬ್ಬನ ತಂದೆ ಕೋವಿಡ್‌ನಿಂದ ತೀರಿಕೊಂಡರು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಆ ಹತ್ತೊಂಬತ್ತು ರಾತ್ರಿಯೂ ನಾವೆಲ್ಲ ಫೋನಿನ ಪರದೆಯ ಮೇಲೆ ಕೂಡಿ ಪ್ರಾರ್ಥಿಸಿದ್ದೆವು. ಶಿವಡಿಯ ಸ್ಮಶಾನದಲ್ಲಿ ಬೆರಳೆಣಿಕೆಯ ಜನರ ನಡುವೆ ಮಣ್ಣು ಮಾಡಿದ್ದಾಯಿತು. ವಾರ ಕಳೆದ ಮೇಲೆ ಹುಡುಗ ಫೋನ್ ಮಾಡಿ, "ನಾವು ಮಾಡಿದ ಪ್ರಾರ್ಥನೆ ಸಾಕಾಗ್ಲಿಲ್ವಾ ಟೀಚರ್?" ಎಂದು ಕೇಳಿದ.

ದೇವರ ಚಿತ್ತ ನಮಗೆ ತಿಳಿಯದು, ಅಪ್ಪ ಒಳ್ಳೆಯ ಕಡೆಗೆ ಹೋಗಿದ್ದಾರೆ ಎಂದೆ. ಅದು ಸುಳ್ಳೆಂದು ಇಂದಿಗೂ ನಾನು ಹೇಳಲಾರೆ. ಆದರೆ ಆ ಮಾತನ್ನು ನಾನು ಆಡಿದ್ದು ಅವನ ಸಲುವಾಗಿ ಅಲ್ಲ, ನನ್ನ ಹೆದರಿಕೆಯನ್ನು ಮುಚ್ಚಿಕೊಳ್ಳಲು. "ಸರಿ ಟೀಚರ್" ಎಂದು ಫೋನ್ ಇಟ್ಟ. ಮರುವರ್ಷ ತರಗತಿ ಮತ್ತೆ ಆರಂಭವಾದಾಗ ತಂಗಿಯೊಬ್ಬಳೇ ಬಂದಳು.

ಯೋಬನ ಕಥೆಯನ್ನು ನಾನು ಅದೆಷ್ಟು ಸಲ ಪಾಠ ಮಾಡಿದ್ದೆನೋ. ಅವನ ಮೂವರು ಸ್ನೇಹಿತರು ಬಂದು ಏಳು ಹಗಲು ಏಳು ಇರುಳು ಒಂದು ಮಾತೂ ಆಡದೆ ನೆಲದ ಮೇಲೆ ಅವನೊಡನೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆರೆದರು, ಕಾರಣಗಳನ್ನು ಹೇಳತೊಡಗಿದರು. ಕೊನೆಯಲ್ಲಿ ದೇವರು ಸಿಟ್ಟಾಗುವುದು ತನ್ನೊಡನೆ ಜಗಳವಾಡಿದ ಯೋಬನ ಸ್ನೇಹಿತರ ಮೇಲೆ, ತನ್ನ ಪರವಾಗಿ ವಾದಿಸಿದವರ ಮೇಲೆ. ಇಷ್ಟು ವರ್ಷ ಈ ಕಥೆ ಹೇಳುವಾಗ ನಾನು ಯೋಬನ ಪಕ್ಕದಲ್ಲಿದ್ದೇನೆಂದೇ ಭಾವಿಸಿದ್ದೆ.

ಕೀರ್ತನೆಗಳ ವಿಷಯವೂ ಹೀಗೆಯೇ. 150ರಲ್ಲಿ ಸುಮಾರು ಮೂರನೆಯ ಒಂದು ಭಾಗ ಗೋಳು, ದೂರು, ಮೊರೆ. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುವುದು 23, 100, 121. ಎಂಬತ್ತೆಂಟನೆಯದು ಕತ್ತಲೆಯಲ್ಲಿ ತೊಡಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಯಲ್ಲಿ ಸ್ತುತಿಯ ಒಂದು ಸಾಲೂ ಇಲ್ಲ. ಅಂಥದನ್ನೂ ಪ್ರಾರ್ಥನೆಯೆಂದು ಒಪ್ಪಿ ಉಳಿಸಿಕೊಂಡ ಹಿಂದಿನವರು ನಮಗಿಂತ ಧೈರ್ಯವಂತರು. ನಮ್ಮ ಕನ್ನಡ ಸಭೆಗಳಲ್ಲಿ 'ನಂಬಿಕೆ' ಎನ್ನುವುದನ್ನು ಕಥೋಲಿಕ ಬಂಧುಗಳು 'ವಿಶ್ವಾಸ' ಎನ್ನುತ್ತಾರೆ. ನನಗೆ ನಮ್ಮ ಪದವೇ ಹಿತ. ಅದು ಮನುಷ್ಯರ ನಡುವಿನ ಮಾತು. ನಂಬಿದವರ ಮೇಲೆ ತಾನೇ ಮುನಿಸು?

ಈಗ ತರಗತಿಯ ಕೊನೆಯ ಕಾಲು ಗಂಟೆ ಮಕ್ಕಳು ತಮ್ಮ ದೂರನ್ನು ಬರೆಯುತ್ತಾರೆ. ಯಾವ ಭಾಷೆಯಾದರೂ ಸರಿ, ಯಾವ ಲಿಪಿಯಾದರೂ ಸರಿ. ಓದಿ ಹೇಳಲೇಬೇಕೆಂದಿಲ್ಲ. ನಾನು ಉತ್ತರ ಕೊಡುವುದಿಲ್ಲ. ಹಿರಿಯರೊಬ್ಬರು ಇದನ್ನು ಆಕ್ಷೇಪಿಸಿದರು, ಮಕ್ಕಳಿಗೆ ದೇವರನ್ನು ಪ್ರಶ್ನಿಸಲು ಕಲಿಸುತ್ತೀರಿ ಎಂದರು. ಅವರೇ ಬರುವ ಮೊದಲು ಕಲಿತಿದ್ದಾರೆ ಎಂದೆ.

ಮೌನವೇ ಎಲ್ಲದಕ್ಕೂ ಮದ್ದೆಂದು ಹೇಳುತ್ತಿಲ್ಲ. ಒಬ್ಬನನ್ನು ಸಹಪಾಠಿಗಳು 'ರೈಸ್ ಬ್ಯಾಗ್' ಎಂದು ಹಂಗಿಸುತ್ತಿದ್ದರು; ಅಕ್ಕಿಮೂಟೆಗೆ ಮತ ಮಾರಿಕೊಂಡವರೆಂದು ಅರ್ಥ. ಅವನಿಗೆ ಬೇಕಾಗಿದ್ದುದು ಚರಿತ್ರೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು, ಕ್ರೈಸ್ತರಾದವರು ಜಾತಿಯೊಂದಿಗೆ ಕಸುಬನ್ನೂ ಮನೆಯನ್ನೂ ಕಳೆದುಕೊಂಡದ್ದು, ಅವರ ಹೊಟ್ಟೆಪಾಡಿಗೆಂದು ನೇಯ್ಗೆಯ ಮಗ್ಗಗಳೂ ಜೆಪ್ಪುವಿನ ಹೆಂಚಿನ ಕಾರ್ಖಾನೆಯೂ ಹುಟ್ಟಿದ್ದು, ಇಷ್ಟನ್ನೂ ಹೇಳಿದೆ. ಅವನ ಮುತ್ತಜ್ಜ ದುಡಿದದ್ದು ಅಂಥದೇ ಕಾರ್ಖಾನೆಯೊಂದರಲ್ಲಿ. ಇನ್ನೊಬ್ಬಳ ತಂದೆಗೆ ಕೊಲ್ಲಿಯಲ್ಲಿ ಕೆಲಸ ಹೋಗಿತ್ತು; ಅವಳಿಗೆ ಬೇಕಾಗಿದ್ದುದು ಕಾಲೇಜಿನ ಶುಲ್ಕ. ಸಭೆಯವರು ಕಟ್ಟಿದರು.

ಆ ಹುಡುಗ ತರಗತಿಗೆ ಮರಳಲಿಲ್ಲ. ಕಳೆದ ವರ್ಷ ಒಂದು ರಾತ್ರಿ ಅವನಿಂದ ವಾಟ್ಸಾಪಿನಲ್ಲಿ ಒಂದು ಚಿತ್ರ ಬಂತು. ತಂದೆಯ ಹಳೆಯ ಕನ್ನಡ ಬೈಬಲಿನ ಪುಟ, ಹದಿಮೂರನೆಯ ಕೀರ್ತನೆ, ಅಂಚಿನಲ್ಲಿ ಪೆನ್ಸಿಲಿನ ಗೆರೆ. ತಂಗಿಯಿಂದ ತರಗತಿಯ ವಿಷಯ ಕೇಳಿ ಪುಸ್ತಕ ತೆರೆದಿದ್ದನಂತೆ. "ಅಪ್ಪ ಗೆರೆ ಹಾಕಿದ್ದಾರೆ. ನನಗೆ ಕನ್ನಡ ಓದೋಕೆ ಬರಲ್ಲ. ಏನಿದೆ ಇದರಲ್ಲಿ?"

ವ್ಯಾಖ್ಯಾನ ಬರೆಯಲು ಹೋದೆ, ಅಳಿಸಿದೆ. ಕೀರ್ತನೆಯನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿ ಧ್ವನಿಮುದ್ರಿಸಿ ಕಳಿಸಿದೆ. ಮರುದಿನ ಇನ್ನೊಂದು ಪುಟದ ಚಿತ್ರ ಬಂತು, ಅಲ್ಲಿಯೂ ಗೆರೆಯಿತ್ತು.